ಅಂಟು ಬಿಟ್ಟ ಕೋಶಗಳು

ಡೊಂಬಿವಲಿಯಲ್ಲಿರುವ ನಮ್ಮ ಭಾವನವರ ಎಡ ಮೂತ್ರಪಿಂಡವನ್ನು ಗಡ್ಡೆಸಮೇತ ತೆಗೆದು ಎರಡು ವರ್ಷವಾಯಿತು. ವರದಿ ಕೈಗೆ ಬಂದ ದಿನ ಅವರು ಕೇಳಿದ್ದು ಒಂದೇ ಮಾತು: "ನೀನು ಬಿ.ಎಸ್‌ಸಿ. ಓದಿದವನಲ್ಲವೇನಪ್ಪಾ, ಇದು ಬೇರೆ ಕಡೆ ಹರಡುತ್ತದೋ ಇಲ್ಲವೋ ಹೇಳು." ಸರಕಾರಿ ಕಡತಗಳ ನಡುವೆ ಪ್ರಾಣಿಶಾಸ್ತ್ರವನ್ನು ಮರೆತ ನಮಗೆ ಉತ್ತರ ತೋಚಲಿಲ್ಲ. ಹುಡುಕುತ್ತ ಹೋದಾಗ ಸಿಕ್ಕ ಚರಿತ್ರೆಯನ್ನು ಓದುಗರ ಮುಂದಿಡುತ್ತಿದ್ದೇವೆ.

1907ರಲ್ಲಿ ಅಮೆರಿಕದ ಪ್ರಾಧ್ಯಾಪಕ ಎಚ್. ವಿ. ವಿಲ್ಸನ್ ಸಮುದ್ರದ ಜೀವಂತ ಸ್ಪಂಜನ್ನು ನವುರಾದ ರೇಷ್ಮೆ ಬಟ್ಟೆಯ ಮೂಲಕ ಹಿಂಡಿದರು. ಬಿಡಿಬಿಡಿಯಾದ ಕೋಶಗಳು ನೀರಿನಲ್ಲಿ ಒಂದನ್ನೊಂದು ಕೂಡಿಕೊಂಡು ಮತ್ತೆ ಸ್ಪಂಜಾದವು! ಅವನ್ನು ಕೂಡಿಸುವ ಅಂಟು ಯಾವುದು? ಉತ್ತರದ ಎಳೆ ಸಿಗಲು ದಶಕಗಳೇ ಬೇಕಾದವು. 1977ರಲ್ಲಿ ಜಪಾನಿನ ಮಸಾತೋಶಿ ತಾಕೇಚಿ, ಈ ಅಂಟಿನ ಒಂದು ಬಗೆಯು ಕ್ಯಾಲ್ಸಿಯಂ ಇದ್ದರೆ ಮಾತ್ರ ಹಿಡಿಯುತ್ತದೆಂದು ತೋರಿಸಿದರು. 1984ರಲ್ಲಿ ಆ ಪ್ರೋಟೀನಿಗೆ 'ಕ್ಯಾಡ್ಹೆರಿನ್' ಎಂದು ನಾಮಕರಣವಾಯಿತು. ಕೋಶದ ಹೊರಗೆ ಚಾಚಿಕೊಂಡು, ಪಕ್ಕದ ಕೋಶದಲ್ಲಿರುವ ತನ್ನಂಥದೇ ಅಣುವನ್ನು ಹಿಡಿದುಕೊಳ್ಳುವುದು ಇದರ ಕೆಲಸ. ಬೆಳಗಿನ ಗಾಡಿಯಲ್ಲಿ ಹಿಡಿಕೆ ಬಿಟ್ಟವನು ಎಲ್ಲಿಗೆ ಹೋಗಿ ಬೀಳುತ್ತಾನೆಂಬುದನ್ನು ಡೊಂಬಿವಲಿ, ಕಲ್ಯಾಣದವರಿಗೆ ಹೇಳಬೇಕಾಗಿಲ್ಲ. ಇ-ಕ್ಯಾಡ್ಹೆರಿನ್ ಎಂಬ ಬಗೆಯನ್ನು ಕಳೆದುಕೊಂಡ ಕ್ಯಾನ್ಸರ್ ಕೋಶಗಳೂ ಹೀಗೆಯೇ ಕಳಚಿಕೊಂಡು ಸುತ್ತಲೂ ನುಗ್ಗುತ್ತವೆಂದು 1991ರ ಹೊತ್ತಿಗೆ ಪ್ರಯೋಗಗಳು ತೋರಿಸಿದವು.

ಹಾಗಾದರೆ ಗಡ್ಡೆಯ ತುಣುಕಿನಲ್ಲಿ ಈ ಅಂಟನ್ನು ನೋಡಿಯೇ ರೋಗದ ಮುಂದಿನ ದಾರಿಯನ್ನು ಹೇಳಬಹುದಲ್ಲವೇ? ಮೂತ್ರಪಿಂಡದ ಕ್ಯಾನ್ಸರಿನಲ್ಲಿ ಜಪಾನಿನ ವೈದ್ಯರು 1995ರಲ್ಲಿ ಇದನ್ನು ಪರೀಕ್ಷಿಸಿದರು. ಆದರೆ ಇಲ್ಲೊಂದು ತೊಡಕಿದೆ. ಈ ಕ್ಯಾನ್ಸರಿನ ಅತಿ ಸಾಮಾನ್ಯ ಬಗೆ ಹುಟ್ಟುವುದು ಮೂತ್ರ ಸೋಸುವ ನಳಿಕೆಗಳ ಮೊದಲ ಭಾಗದಲ್ಲಿ. ಅಲ್ಲಿ ಆರೋಗ್ಯವಂತರಲ್ಲೂ ಇ-ಕ್ಯಾಡ್ಹೆರಿನ್ ತೀರ ಕಡಿಮೆ. ಮೊದಲೇ ಇಲ್ಲದ್ದು ಕಳೆದುಹೋಯಿತೆನ್ನುವುದು ಹೇಗೆ? ಆ ಜಾಗದಲ್ಲಿ ಬೇರೆ ಬಂಧುಗಳಿದ್ದಾರೆ: ಎನ್-ಕ್ಯಾಡ್ಹೆರಿನ್ ಮತ್ತು ಕ್ಯಾಡ್ಹೆರಿನ್-6. ಎರಡನೆಯದು ಆ ನಳಿಕೆಯಲ್ಲೂ ಅದರ ಕ್ಯಾನ್ಸರಿನಲ್ಲೂ ಇದೆಯೆಂದು 1997ರಲ್ಲಿ ವರದಿಯಾಯಿತು. ಸ್ತನದಲ್ಲೋ ಕರುಳಿನಲ್ಲೋ ಸರಿಹೋದ ಲೆಕ್ಕವನ್ನು ಮೂತ್ರಪಿಂಡಕ್ಕೆ ಹಾಗೆಯೇ ಹಾಕುವಂತಿಲ್ಲ. ಇಂದಿಗೂ ವೈದ್ಯರು ಮೊದಲು ನೋಡುವುದು ಗಡ್ಡೆಯ ಗಾತ್ರ, ಅದು ಎಲ್ಲಿಯವರೆಗೆ ಹೋಗಿದೆಯೆಂಬ ಹಂತ, ಮತ್ತು ಕೋಶಕೇಂದ್ರದ ರೂಪದಿಂದ ನಿಗದಿಯಾಗುವ ದರ್ಜೆ.

ಈ ಅಂಟಿನ ಶೋಧನೆ ನಮ್ಮ ನೆರೆಯಲ್ಲೂ ನಡೆದಿದೆ. 1952ರಲ್ಲಿ ಡಾ. ವಿ. ಆರ್. ಖಾನೋಲ್ಕರರ ನೇತೃತ್ವದಲ್ಲಿ ಪರೇಲಿನಲ್ಲಿ ಆರಂಭವಾದ ಕ್ಯಾನ್ಸರ್ ಸಂಶೋಧನ ಕೇಂದ್ರವು 2002ರಲ್ಲಿ ನವಿಮುಂಬಯಿಯ ಖಾರ್ಘರಿಗೆ ಬಂದು 'ಆಕ್ಟ್ರೆಕ್' ಆಯಿತು. ಕ್ಯಾನ್ಸರ್ ಕೋಶಗಳಲ್ಲಿ ಪ್ಲಾಕೋಫಿಲಿನ್-3 ಎಂಬ ಇನ್ನೊಂದು ಬೆಸುಗೆ ಪ್ರೋಟೀನನ್ನು ತಗ್ಗಿಸಿದರೆ ಹಿಡಿತ ಸಡಿಲವಾಗಿ, ಇಲಿಗಳಲ್ಲಿ ರೋಗ ಹರಡುತ್ತದೆಂದು ಅಲ್ಲಿಯವರು 2008ರಲ್ಲಿ ಪ್ರಕಟಿಸಿದರು.

ಭಾವನವರ ವರದಿಯಲ್ಲಿ ಕ್ಯಾಡ್ಹೆರಿನ್ ಎಂಬ ಶಬ್ದವೇ ಇರಲಿಲ್ಲ. ಹಂತ, ದರ್ಜೆಗಳಷ್ಟೇ ಇದ್ದವು. "ಈ ಲೆಕ್ಕವೆಲ್ಲ ನೂರಾರು ರೋಗಿಗಳದ್ದು ಭಾವ, ನಿಮ್ಮೊಬ್ಬರದ್ದಲ್ಲ," ಎಂದೆವು. "ಅಂದರೆ ನಿನಗೂ ಗೊತ್ತಿಲ್ಲ," ಎಂದು ಅವರು ನಕ್ಕರು. ಅಕ್ಕ ನಗಲಿಲ್ಲ. ಮುಂದಿನ ತಿಂಗಳು ಮತ್ತೆ ಸ್ಕ್ಯಾನಿಂಗಿದೆ. ನಾವು ರಜೆಯ ಅರ್ಜಿ ಬರೆದಿಟ್ಟಿದ್ದೇವೆ.