ಕಂಠೀರವರ ನಿಲುವಂಗಿ

ಶ್ರೀರಂಗಪಟ್ಟಣದ ನರಸಿಂಹಸ್ವಾಮಿ ಗುಡಿಯಲ್ಲಿ ಅದನ್ನು ಕಟ್ಟಿಸಿದ ಕಂಠೀರವ ನರಸರಾಜ ಒಡೆಯರು ಕೈಮುಗಿದು ನಿಂತಿದ್ದಾರೆ. ಸುಮಾರು ಮೂರೂವರೆ ಅಡಿಯ ಮೂರ್ತಿ. ಆಳಿದ್ದು 1638ರಿಂದ 1659ರವರೆಗೆ. ದೇವರ ಮುಂದೆಯೂ ದೊರೆ ಬರಿಮೈಯಲ್ಲಿಲ್ಲ. ಉದ್ದನೆಯ ನಿಲುವಂಗಿ ತೊಟ್ಟಿದ್ದಾರೆ, ಜೊತೆಗೆ ಕತ್ತಿ, ಗುರಾಣಿ, ಬಾಕು. ಆದರೆ ತಿರುಪತಿಯಲ್ಲಿರುವ ಕೃಷ್ಣದೇವರಾಯನ ಮೂರ್ತಿ ನೋಡಿ: ತಲೆಗೆ ಎತ್ತರದ ಕುಳ್ಳಾಯಿ, ಸೊಂಟಕ್ಕೆ ಪಂಚೆ, ಎದೆ ಬರಿದು.

ಪಾಂಡವಪುರದಲ್ಲಿ ಕೂತು ಊರೂರಿನ ಕುರುಕ್ಷೇತ್ರ ನಾಟಕಕ್ಕೆ ಡ್ರೆಸ್ ಹೊಲಿಯುವ ನನಗೆ ಆ ಅಂಗಿಯ ಮೇಲೇ ಕಣ್ಣು. ಚಾರಿತ್ರಿಕ ಕಥೆಗೆ ಬಟ್ಟೆ ಕೇಳಿಕೊಂಡು ಬರುವವರ ಲೆಕ್ಕ ಸಲೀಸು: ಹೊಲಿದದ್ದು ಟಿಪ್ಪುವಿಗೆ, ಉಟ್ಟದ್ದು ಒಡೆಯರಿಗೆ. ಈ ಕಲ್ಲು ಹಾಗೆ ಹೇಳುವುದಿಲ್ಲ.

1960ರಲ್ಲಿ ಇದೇ ದೊರೆಯ ಮೇಲೆ 'ರಣಧೀರ ಕಂಠೀರವ' ಚಿತ್ರ ಮಾಡಿದ ರಾಜ್‌ಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ.ವಿ. ಅಯ್ಯರ್ ಎಲ್ಲರೂ ನಾಟಕ ಕಂಪನಿಯಲ್ಲಿ ಪಳಗಿದವರು. ಅಲ್ಲಿ ಗ್ಯಾಸ್‌ಲೈಟಿನಲ್ಲಿ ಕೊನೇ ಸಾಲಿನವನಿಗೂ ರಾಜ ಯಾರೆಂದು ತಿಳಿಯಬೇಕು. ಕಂಪನಿಯ ಜರಿ, ಚಮಕಿ, ಭುಜಕೀರ್ತಿ ಬಂದದ್ದೇ ಹಾಗೆ. ಕಪ್ಪು-ಬಿಳುಪು ಚಿತ್ರದಲ್ಲೂ ಬಣ್ಣ ದುಡಿಯುವುದಿಲ್ಲ, ಹೊಳಪು ದುಡಿಯುತ್ತದೆ. ಅವರನ್ನು ನಾನು ದೂರುವುದಿಲ್ಲ. ಕಲರ್ ಬಂದು ಇಷ್ಟು ಕಾಲವಾದರೂ ಮಖಮಲ್ ಬಿಡದವರನ್ನು ದೂರುತ್ತೇನೆ.

ಇನ್ನು ಕೆಲವರು ಹೊಸಹೊಳಲಿನದೋ ನಾಗಮಂಗಲದ ಸೌಮ್ಯಕೇಶವ ಗುಡಿಯದೋ ಫೋಟೋ ತಂದು, ಒಡೆಯರಿಗೆ ಇದೇ ಒಡವೆ ಬೇಕೆನ್ನುತ್ತಾರೆ. ಅವು ಹೊಯ್ಸಳರ ಕಾಲದವು ಸ್ವಾಮಿ! ನಡುವೆ ನಾನೂರು ವರ್ಷ ಉರುಳಿದೆ.

ಹೊಲಿಗೆಯವನಿಗೆ ನಿಜವಾದ ಪಾಠ ಸಿಗುವುದು ಶ್ರೀರಂಗಪಟ್ಟಣದಲ್ಲೇ ಇರುವ ಟಿಪ್ಪುವಿನ ಅರಮನೆ, 1784ರ ದರಿಯಾ ದೌಲತ್ತಿನಲ್ಲಿ. ಅದರ ಪಶ್ಚಿಮದ ಗೋಡೆಯ ಮೇಲೆ ಹೈದರ್, ಟಿಪ್ಪು ಇಂಗ್ಲಿಷರನ್ನು ಸೋಲಿಸಿದ 1780ರ ಪೊಳ್ಳಿಲೂರು ಯುದ್ಧ. ಪಲ್ಲಕ್ಕಿಯಲ್ಲಿ ಇಂಗ್ಲಿಷರ ಕರ್ನಲ್ ಬೇಯ್ಲಿ, ಸುತ್ತ ಸಾಲುಸಾಲು ಸಿಪಾಯಿಗಳು. ಮೈಸೂರಿನ ಕಡೆ ನಿಂತ ಲಾಲಿಯ ಫ್ರೆಂಚರೂ ಇದ್ದಾರೆ. ಅವರ ದಂಡು ಬೀಡುಬಿಟ್ಟದ್ದರಿಂದಲೇ ನಮ್ಮೂರಿಗೆ ಫ್ರೆಂಚ್ ರಾಕ್ಸ್ ಎಂಬ ಹೆಸರಿತ್ತು. ಗವರ್ನರ್ ಜನರಲ್ ಡಾಲ್‌ಹೌಸಿಯ ಕಾಲದಲ್ಲಿ ಈ ಚಿತ್ರಗಳನ್ನು ಮತ್ತೆ ಬರೆಸಿದ್ದಾರೆ. ಹಾಗಾಗಿ ಬಣ್ಣವನ್ನು ನಾನು ಪೂರ್ತಿ ನಂಬುವುದಿಲ್ಲ. ಅಂಗಿಯ ಉದ್ದ, ನಡುಕಟ್ಟು, ಪೇಟದ ಸುತ್ತು, ಇಷ್ಟನ್ನು ನೋಡಿಕೊಂಡು ಬರುತ್ತೇನೆ.

ಗೋಡೆಯಲ್ಲಿ ಕಾಣದವರೆಂದರೆ ಗದ್ದೆಯವರು, ಕುರಿ ಕಾಯುವವರು. 1800ರಲ್ಲಿ ಈ ಸೀಮೆ ಸುತ್ತಿದ ಬ್ರಿಟಿಷ್ ವೈದ್ಯ ಬುಕಾನನ್ ಕುರುಬರು ಕಂಬಳಿ ನೇಯುವುದನ್ನು ಬರೆದಿಟ್ಟಿದ್ದಾನೆ. ಕರಿ ಕಂಬಳಿಯೇ ಹಾಸಿಗೆ, ಹೊದಿಕೆ, ಮಳೆಗೆ ಕೊಪ್ಪೆ. ಸಿನಿಮಾದ ಪ್ರಜೆಗಳಿಗೆ ಮಾತ್ರ ಇಸ್ತ್ರಿ ಹಾಕಿದ ಕೇಸರಿ ಪೇಟ, ಅಂಚು ಮಾಸದ ಪಾಲಿಸ್ಟರ್ ಪಂಚೆ.

ಲೊಕೇಶನ್ ನೋಡಲು ಬರುವ ನಿರ್ದೇಶಕರೇ, ಜೀಪಿನಲ್ಲಿ ನಿಮ್ಮ ಟೈಲರನ್ನೂ ಕೂರಿಸಿಕೊಂಡು ಬನ್ನಿ. ಪಂಚೆಯನ್ನು ಮೇಲುಕೋಟೆಯ ಕೈಮಗ್ಗದಿಂದ ತರಿಸಿ, ಕಂಬಳಿಯನ್ನು ನೇಯುವವರಿಂದಲೇ ಕೊಳ್ಳಿ. ದುಡ್ಡು ಸ್ವಲ್ಪ ಜಾಸ್ತಿ ಬೀಳುತ್ತದೆ, ಬೀಳಲಿ.