ಆನ್‌ಲೈನ್ ಎಂಬಿಎ, ಕಾಲೇಜಿನ ಎಂಬಿಎ: ಉದ್ಯೋಗದ ದೃಷ್ಟಿಯಿಂದ ವ್ಯತ್ಯಾಸವೇನು?

ಎಂಬಿಎ ಪದವಿಯನ್ನು ಇಂದು ಕಾಲೇಜಿಗೆ ಹೋಗಿ ಓದಬಹುದು, ಮನೆಯಲ್ಲಿದ್ದುಕೊಂಡು ಆನ್‌ಲೈನ್‌ನಲ್ಲಿಯೂ ಓದಬಹುದು. ಸಾಮಾನ್ಯವಾಗಿ ಎರಡೂ ಎರಡು ವರ್ಷದ, ನಾಲ್ಕು ಸೆಮಿಸ್ಟರ್‌ಗಳ ವ್ಯಾಸಂಗ. ನಿಯಮದ ಪ್ರಕಾರ ಎರಡಕ್ಕೂ ಸಮಾನ ಬೆಲೆಯಿದೆ. ಆದರೆ ಉದ್ಯೋಗ ಸಿಗುವ ದಾರಿ ಬೇರೆ ಬೇರೆ.

ಮಾನ್ಯತೆ

ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2020ರ ನಿಯಮಾವಳಿಯಂತೆ, ಅನುಮತಿ ಪಡೆದ ವಿಶ್ವವಿದ್ಯಾಲಯದ ಆನ್‌ಲೈನ್ ಪದವಿಯು ತರಗತಿಯಲ್ಲಿ ಓದಿ ಪಡೆದ ಪದವಿಗೆ ತತ್ಸಮಾನ. 2022ರ ಸೆಪ್ಟೆಂಬರ್‌ನಲ್ಲಿ ಆಯೋಗ ಇದನ್ನು ಮತ್ತೊಮ್ಮೆ ಸ್ಪಷ್ಟಪಡಿಸಿದೆ.

ಇಲ್ಲಿ 'ಅನುಮತಿ ಪಡೆದ' ಎಂಬ ಮಾತು ಮುಖ್ಯ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದ 2012-13ರ ನಂತರದ ಕೋರ್ಸ್‌ಗಳಿಗೆ ಮಾನ್ಯತೆ ಇಲ್ಲವೆಂದು ಯುಜಿಸಿ 2015ರಲ್ಲಿ ಪ್ರಕಟಿಸಿತು. ಆ ಅವಧಿಯಲ್ಲಿ ಸೇರಿದ ವಿದ್ಯಾರ್ಥಿಗಳು ಶುಲ್ಕ ಕಟ್ಟಿ, ಪರೀಕ್ಷೆ ಬರೆದೂ ಪದವಿಯ ಬೆಲೆ ಏನೆಂದು ತಿಳಿಯದೆ ಪರದಾಡಬೇಕಾಯಿತು. ವಿಶ್ವವಿದ್ಯಾಲಯಕ್ಕೆ ಮಾನ್ಯತೆ ಮರಳಿ ದೊರೆತದ್ದು 2018ರಲ್ಲಿ.

ಕಾಲೇಜಿನಲ್ಲಿ ಓದಿದರೆ

ಬೆಂಗಳೂರಿನ ಐಐಎಂಗೆ ಕ್ಯಾಟ್ ಮೂಲಕ, ರಾಜ್ಯದ ಅನೇಕ ಕಾಲೇಜುಗಳಿಗೆ ಪಿಜಿಸಿಇಟಿ ಮೂಲಕ ಪ್ರವೇಶ ದೊರೆಯುತ್ತದೆ. ಮೊದಲ ವರ್ಷದ ನಂತರದ ಇಂಟರ್ನ್‌ಶಿಪ್, ಕಂಪನಿಗಳೇ ಕಾಲೇಜಿಗೆ ಬಂದು ನಡೆಸುವ ಸಂದರ್ಶನ, ಸಹಪಾಠಿಗಳ ಮತ್ತು ಹಳೆಯ ವಿದ್ಯಾರ್ಥಿಗಳ ಪರಿಚಯ ಇವು ಮೊದಲ ಕೆಲಸ ಹುಡುಕುವವರಿಗೆ ದೊಡ್ಡ ಆಸರೆ. ಆದರೆ ಎಲ್ಲ ಕಾಲೇಜುಗಳಿಗೂ ಒಳ್ಳೆಯ ಕಂಪನಿಗಳು ಬರುವುದಿಲ್ಲ. ಕಾಲೇಜು ಹೇಳುವ 'ಗರಿಷ್ಠ ಸಂಬಳ' ಒಬ್ಬನಿಗೆ ಮಾತ್ರ ಸಿಕ್ಕಿರಬಹುದು. ಸಂಬಳದ ಮಧ್ಯಾಂಕ ಎಷ್ಟು, ಎಷ್ಟು ಮಂದಿಗೆ ಕೆಲಸ ಸಿಕ್ಕಿತು ಎಂದು ಕೇಳಬೇಕು. ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ಶ್ರೇಯಾಂಕಕ್ಕಾಗಿ ಕಾಲೇಜುಗಳು ಕೊಡುವ ವಿವರಗಳಲ್ಲಿ ಈ ಎರಡೂ ಅಂಕಿಗಳು ಇರುತ್ತವೆ.

ಆನ್‌ಲೈನ್‌ನಲ್ಲಿ ಓದಿದರೆ

ಈಗಾಗಲೇ ನೌಕರಿಯಲ್ಲಿದ್ದು ಬಡ್ತಿ ಬಯಸುವವರಿಗೆ, ಮನೆಯ ವ್ಯಾಪಾರ ನೋಡಿಕೊಳ್ಳುವವರಿಗೆ ಇದು ಅನುಕೂಲ. ಎರಡು ವರ್ಷದ ಸಂಪಾದನೆ ನಿಲ್ಲುವುದಿಲ್ಲ, ಹಾಸ್ಟೆಲ್ ಖರ್ಚಿಲ್ಲ. ಕೆಲಸದ ಅನುಭವವಿಲ್ಲದ ಹೊಸ ಪದವೀಧರರು ಮಾತ್ರ ಯೋಚಿಸಿ ಹೆಜ್ಜೆ ಇಡಬೇಕು. ಜಾಹೀರಾತುಗಳಲ್ಲಿ ಕಾಣುವ 'ಉದ್ಯೋಗ ನೆರವು' ಎಂಬುದು ಅನೇಕ ವೇಳೆ ಬಯೋಡೇಟಾ ತಿದ್ದಿಕೊಡುವುದಕ್ಕೆ, ಖಾಲಿ ಹುದ್ದೆಗಳ ಪಟ್ಟಿ ಕಳುಹಿಸುವುದಕ್ಕೆ ಸೀಮಿತವಾಗಿರುತ್ತದೆ.

ಸೇರುವ ಮೊದಲು

- ಯುಜಿಸಿಯ ದೂರಶಿಕ್ಷಣ ಬ್ಯೂರೋದ ಪಟ್ಟಿಯಲ್ಲಿ ವಿಶ್ವವಿದ್ಯಾಲಯದ ಹೆಸರಷ್ಟೇ ಅಲ್ಲ, ನೀವು ಸೇರುವ ಕೋರ್ಸ್ ಮತ್ತು ಶೈಕ್ಷಣಿಕ ವರ್ಷವೂ ಇದೆಯೇ ನೋಡಿ.
- ಕೊನೆಗೆ ಕೈಗೆ ಬರುವುದು ಪದವಿಯೋ, ಬರೀ ಸರ್ಟಿಫಿಕೇಟೋ ಎಂದು ಲಿಖಿತವಾಗಿ ಕೇಳಿ.
- ಶುಲ್ಕ ಖಾಸಗಿ ಕಂಪನಿಗಲ್ಲ, ವಿಶ್ವವಿದ್ಯಾಲಯಕ್ಕೇ ಸೇರುತ್ತದೆ ಎಂಬುದನ್ನು ಖಚಿತಪಡಿಸಿಕೊಳ್ಳಿ.
- ಅದೇ ಕೋರ್ಸ್ ಮುಗಿಸಿದ ಇಬ್ಬರನ್ನಾದರೂ ಮಾತನಾಡಿಸಿ. ಓದಿನಿಂದ ಅವರ ಕೆಲಸದಲ್ಲಿ ಏನು ಬದಲಾಯಿತು ಎಂದು ವಿಚಾರಿಸಿ.