ಒಂದೇ ನಗರ, ಮತ್ತೊಬ್ಬನ ಕಥೆ

ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ ಧರ್ಮರಾಯನ ಯಜ್ಞಾಶ್ವವು ದೇಶದಿಂದ ದೇಶಕ್ಕೆ ನಡೆದಂತೆಲ್ಲ ಒಂದೊಂದು ನಾಡಿನ ಕಥೆ ತೆರೆದುಕೊಳ್ಳುತ್ತದೆ. ಸುಧನ್ವನ ಭಕ್ತಿ, ಬಭ್ರುವಾಹನನ ಪರಾಕ್ರಮ, ಚಂದ್ರಹಾಸನ ಬಾಳು, ಇವು ಯಾಗದ ಪೂರ್ಣಾಹುತಿಗೆ ಅನಿವಾರ್ಯವಲ್ಲದಿದ್ದರೂ ಇವನ್ನು ಬಿಟ್ಟ ಕಾವ್ಯವನ್ನು ನಾವು ಊಹಿಸಲಾರೆವು. ಮೂಲಕಥೆಯ ನೆಲದ ಮೇಲೆಯೇ ಬೇರೊಬ್ಬನ ಕಥೆಯನ್ನು ನಿಲ್ಲಿಸುವ ಈ ಕ್ರಮವು ನಮಗೆ ಪುರಾತನವಾದುದು. ವಿಡಿಯೋ ಗೇಮುಗಳ ಲೋಕಕ್ಕೆ ಮಾತ್ರ ಅದು ಬಂದುದು ವ್ಯಾಪಾರದ ಹಾದಿಯಲ್ಲಿ. ಹೋದುದೂ ಬಹುಮಟ್ಟಿಗೆ ಅದೇ ಹಾದಿಯಲ್ಲಿ. ಗ್ರ್ಯಾಂಡ್ ಥೆಫ್ಟ್ ಆಟೊ ಎಂಬ ಪ್ರಸಿದ್ಧ ಆಟದ ವಿಸ್ತರಣ ಕಥೆಗಳ ಇತಿಹಾಸವು ಇದಕ್ಕೆ ಸ್ಪಷ್ಟವಾದ ನಿದರ್ಶನ.

ಸ್ಕಾಟ್ಲೆಂಡಿನ ಡಂಡೀ ನಗರದ ಡಿಎಂಎ ಡಿಸೈನ್ ಎಂಬ ಸಂಸ್ಥೆಯವರು 1997ರಲ್ಲಿ ಈ ಆಟವನ್ನು ಮೊದಲು ಹೊರತಂದಾಗ ಅದು ಆಕಾಶದಿಂದ ಕೆಳಗೆ ನೋಡಿದಂತೆ ಕಾಣುವ ಬೀದಿಗಳ ಆಟವಾಗಿತ್ತು. ಕಾರು ಕದಿಯುವುದು, ಕಳ್ಳರ ಒಡೆಯರು ಟೆಲಿಫೋನಿನಲ್ಲಿ ಹೇಳಿದ ಕೆಲಸವನ್ನು ಮುಗಿಸುವುದು, ಬೇಡವೆನಿಸಿದರೆ ಕೆಲಸವನ್ನೇ ಮರೆತು ಊರೆಲ್ಲ ಅಲೆಯುವುದು, ಇಷ್ಟೇ ಅದರ ಸಾರ. ಆದರೆ ಹೀಗೆ ಅಲೆಯುವ ಸ್ವಾತಂತ್ರ್ಯವೇ ಅದರ ಹೊಸತನವಾಗಿತ್ತು. ಎರಡು ವರ್ಷಗಳ ಬಳಿಕ, 1999ರಲ್ಲಿ, ಇದಕ್ಕೆ 'ಲಂಡನ್ 1969' ಎಂಬ ವಿಸ್ತರಣವು ಬಂದಿತು. ಅಮೆರಿಕದ ನಗರಗಳ ಛಾಯೆಯಲ್ಲಿ ಕಲ್ಪಿಸಿದ ಊರುಗಳಲ್ಲಿ ನಡೆಯುತ್ತಿದ್ದ ಆಟವು ನಿಜವಾದ ಹೆಸರುಳ್ಳ ನಗರಕ್ಕೆ ಕಾಲಿಟ್ಟುದು ಅದೇ ಮೊದಲು. ವಾಹನಗಳು ರಸ್ತೆಯ ಎಡಗಡೆಗೆ ಬಂದುವು; ಪಾತ್ರಗಳ ಬಾಯಲ್ಲಿ ಲಂಡನ್ನಿನ ಬೀದಿಮಾತು ಕುಳಿತಿತು. ಲಂಡನ್ನಿನ ಭೂಗತ ಲೋಕವನ್ನು ಆಳಿದ ಕ್ರೇ ಸೋದರರು ಕೊಲೆಯ ಅಪರಾಧಕ್ಕಾಗಿ ಜೀವಾವಧಿ ಶಿಕ್ಷೆಗೆ ಒಳಗಾದುದು 1969ರಲ್ಲಿಯೇ. ಆ ಅವಳಿಗಳನ್ನು ಅಣಕಿಸುವ ಕ್ರಿಸ್ಪ್ ಅವಳಿಗಳು ಈ ಆಟದೊಳಗೆ ಒಡೆಯರಾಗಿ ಕುಳಿತಿದ್ದರು.

ಈ ವಿಸ್ತರಣವು ಸ್ವತಂತ್ರವಾದ ಆಟವಾಗಿರಲಿಲ್ಲ ಎಂಬುದನ್ನು ಗಮನಿಸಬೇಕು. ಮೂಲ ಆಟದ ಸಿಡಿ ಕೈಯಲ್ಲಿಲ್ಲದವನಿಗೆ ಇದು ದಕ್ಕುತ್ತಿರಲಿಲ್ಲ. ಪ್ಲೇಸ್ಟೇಷನ್ನಿನಲ್ಲಿ ಹೊಸ ಸಿಡಿಯನ್ನು ಹಾಕಿ, ಯಂತ್ರವು ಕೇಳಿದಾಗ ಅದನ್ನು ತೆಗೆದು ಹಳೆಯ ಸಿಡಿಯನ್ನು ತೋರಿಸಿ, ಅದಕ್ಕೆ ಸಮಾಧಾನವಾದ ಮೇಲೆ ಹೊಸದನ್ನು ಮತ್ತೆ ಒಳಗಿಡಬೇಕಾಗಿತ್ತು. ಅದೇ ವರ್ಷ 'ಲಂಡನ್ 1961' ಎಂಬ ಇನ್ನೊಂದು ಭಾಗವನ್ನು ಕಂಪ್ಯೂಟರಿನವರಿಗಾಗಿ ಅಂತರಜಾಲದ ಮೂಲಕ ಉಚಿತವಾಗಿಯೇ ಕೊಟ್ಟರು. ಊರು ಬದಲಾಯಿತು, ಕಾಲ ಬದಲಾಯಿತು. ಆದರೂ ಆಟಗಾರನು ಮಾಡುವ ಕೆಲಸವೂ ಅದನ್ನು ನೋಡುವ ದೃಷ್ಟಿಯೂ ಹಿಂದಿನವೇ ಆಗಿ ಉಳಿದುವು.

2001ರಲ್ಲಿ ಮೂರನೆಯ ಆಟವು ಮೂರು ಆಯಾಮಗಳ ನಗರವನ್ನು ಕಟ್ಟಿ ನಿಲ್ಲಿಸಿದ ಮೇಲೆ ಕೆಲವು ಕಾಲ ವಿಸ್ತರಣಗಳ ಮಾತೇ ಏಳಲಿಲ್ಲ. ವೈಸ್ ಸಿಟಿ, ಸ್ಯಾನ್ ಆಂಡ್ರಿಯಾಸ್ ಎಂಬ ಹೊಸ ಹೊಸ ಆಟಗಳೇ ಬೆನ್ನುಬೆನ್ನಿಗೆ ಬರುತ್ತಿದ್ದುವು. 2005 ಮತ್ತು 2006ರಲ್ಲಿ ಕೈಯಲ್ಲಿ ಹಿಡಿದು ಆಡುವ ಪಿಎಸ್‌ಪಿ ಯಂತ್ರಕ್ಕಾಗಿ ಹಳೆಯ ನಗರಗಳ ಪೂರ್ವವೃತ್ತಾಂತವನ್ನು ಹೇಳುವ ಎರಡು 'ಸ್ಟೋರೀಸ್' ಆಟಗಳು ಬಂದರೂ ಅವನ್ನು ಬಿಡಿಯಾಗಿಯೇ ಮಾರಿದರು.

ಸನ್ನಿವೇಶವನ್ನು ಬದಲಿಸಿದುದು ಎರಡು ಯಂತ್ರಗಳ ಪೈಪೋಟಿ. ಮೈಕ್ರೋಸಾಫ್ಟಿನ ಎಕ್ಸ್‌ಬಾಕ್ಸ್ 360, ಸೋನಿಯ ಪ್ಲೇಸ್ಟೇಷನ್ 3, ಇವೆರಡರಲ್ಲಿಯೂ ನಾಲ್ಕನೆಯ ಆಟವು ಒಂದೇ ದಿನ ಬರಲಿದ್ದುದರಿಂದ ಮೈಕ್ರೋಸಾಫ್ಟಿಗೆ ತನ್ನದೆಂದು ಹೇಳಿಕೊಳ್ಳುವ ವಿಶೇಷವೊಂದು ಬೇಕಾಯಿತು. 2006ರಲ್ಲಿ ಇ3 ಎಂಬ ವಿಡಿಯೋ ಗೇಮುಗಳ ಮೇಳದಲ್ಲಿ ಆ ಸಂಸ್ಥೆಯ ಅಧಿಕಾರಿ ಪೀಟರ್ ಮೂರ್ ಅವರು ಅಂಗಿಯ ತೋಳನ್ನು ಮೇಲೆ ಸರಿಸಿ, ತೋಳಿನ ಮೇಲಿದ್ದ ಆ ಆಟದ ಲಾಂಛನವನ್ನು ಸಭೆಗೆ ತೋರಿಸಿ, ಡೌನ್‌ಲೋಡ್ ಮಾಡಿಕೊಳ್ಳುವ ಎರಡು ಹೊಸ ಸಂಚಿಕೆಗಳು ತಮ್ಮ ಯಂತ್ರಕ್ಕೆ ಮಾತ್ರ ಬರುವುವೆಂದು ಸಾರಿದರು. ಇದಕ್ಕಾಗಿ ತೆತ್ತುದು 5 ಕೋಟಿ ಡಾಲರ್ ಎಂಬುದು ಮರುವರ್ಷ ಪ್ರಕಾಶಕರ ಕಡೆಯಿಂದಲೇ ಹೊರಬಿದ್ದಿತು. ಅದುವರೆಗೆ ಮೂಲ ಆಟದ ಬಾಲದಂತಿದ್ದ ವಿಸ್ತರಣ ಕಥೆಗೆ ಈ ಹಣವು ಒಂದು ಪೂರ್ಣ ಕೃತಿಯ ಸಾಧನಸಂಪತ್ತನ್ನು ಒದಗಿಸಿತು.

2008ರ ಏಪ್ರಿಲ್ 29ರಂದು ಬಂದ ನಾಲ್ಕನೆಯ ಆಟದ ನಾಯಕ, ಪೂರ್ವ ಯೂರೋಪಿನಿಂದ ವಲಸೆ ಬಂದ ನಿಕೊ ಬೆಲಿಕ್. ಊರು, ನ್ಯೂಯಾರ್ಕಿನ ಪಡಿಯಚ್ಚಾದ ಲಿಬರ್ಟಿ ಸಿಟಿ. 2009ರ ಫೆಬ್ರವರಿ 17ರಂದು ಬಂದ 'ದಿ ಲಾಸ್ಟ್ ಆಂಡ್ ಡ್ಯಾಮ್ಡ್' ಅದೇ ಊರನ್ನು ಜಾನಿ ಕ್ಲೆಬಿಟ್ಜ್ ಎಂಬ ಮೋಟಾರ್‌ಸೈಕಲ್ ಪಡೆಯವನ ಕಣ್ಣಿನಿಂದ ಕಾಣಿಸಿತು. ಅಕ್ಟೋಬರ್ 29ರಂದು ಬಂದ 'ದಿ ಬ್ಯಾಲಡ್ ಆಫ್ ಗೇ ಟೋನಿ' ಅದನ್ನೇ ಲೂಯಿಸ್ ಲೋಪೆಜ್ ಎಂಬ ನೈಟ್‌ಕ್ಲಬ್ಬಿನ ಬಂಟನ ಕಣ್ಣಿನಿಂದ ಕಾಣಿಸಿತು. ಮೊದಲನೆಯದರಲ್ಲಿ ಚಿತ್ರವೆಲ್ಲ ಹಳೆಯ ಸಿನಿಮಾ ರೀಲಿನಂತೆ ಕಾಳುಕಾಳಾಗಿ ಮಂಕಾಗಿದ್ದರೆ, ಎರಡನೆಯದರಲ್ಲಿ ಬಣ್ಣದ ದೀಪಗಳ ವೈಭವವೇ ವೈಭವ. ಬೀದಿಗಳು ಅವೇ, ಸೇತುವೆಗಳು ಅವೇ. ಹೊಸ ನೆಲವನ್ನು ಬಹುವಾಗಿ ಸೇರಿಸದೆಯೇ ಊರನ್ನು ಹೊಸದಾಗಿಸಿದ ಉಪಾಯವಿದು.

ಈ ಉಪಾಯದ ಸತ್ತ್ವವನ್ನು ಅರಿಯಲು ಒಂದೇ ಪ್ರಸಂಗವನ್ನು ಹತ್ತಿರದಿಂದ ನೋಡಿದರೆ ಸಾಕು. ಮೂಲ ಆಟದಲ್ಲಿ ನಿಕೊ ತನ್ನ ಐರಿಷ್ ಗೆಳೆಯರೊಡನೆ ಬ್ಯಾಂಕೊಂದನ್ನು ದೋಚಲು ಹೋಗುತ್ತಾನೆ. ಒತ್ತೆಯಾಳುಗಳೆಲ್ಲ ನೆಲಕ್ಕೆ ಒರಗಿರುವಾಗ ಅವರಲ್ಲೊಬ್ಬನು ಫಕ್ಕನೆ ಪಿಸ್ತೂಲು ತೆಗೆದು ದರೋಡೆಕಾರರಲ್ಲಿ ಒಬ್ಬನನ್ನು ಕೊಂದುಬಿಡುತ್ತಾನೆ. ಆಟಗಾರನಿಗೆ ಆಗ ಕಾಣುವುದು ಕೆಲಸ ಕೆಟ್ಟಿತೆಂಬುದೊಂದೇ. ನೆಲದ ಮೇಲಿರುವವರು ಯಾರೆಂದು ಕೇಳುವ ವ್ಯವಧಾನ ಅವನಿಗಿಲ್ಲ. 'ಬ್ಯಾಲಡ್' ಆರಂಭವಾಗುವುದು ಅದೇ ನೆಲದ ಮೇಲೆ. ಪಿಸ್ತೂಲು ತೆಗೆಯಲಿರುವವನ ಪಕ್ಕದಲ್ಲಿಯೇ ಲೂಯಿಸ್ ಮಲಗಿದ್ದಾನೆ, ಸಾಹಸ ಬೇಡವೆಂದು ಅವನಿಗೆ ಮೆಲ್ಲಗೆ ಹೇಳುತ್ತಾನೆ, ಮಾತು ನಡೆಯುವುದಿಲ್ಲ. ಹಿಂದೆ ಆಟಗಾರನೇ ಹಿಡಿದಿದ್ದ ಬಂದೂಕು ಈಗ ಆಟಗಾರನ ಕಡೆಗೇ ತಿರುಗಿದೆ. ವಸ್ತುಸಂಗ್ರಹಾಲಯದಲ್ಲಿ ನಡೆಯುವ ವಜ್ರದ ವ್ಯವಹಾರವೂ ಹೀಗೆಯೇ: ಲೂಯಿಸ್ ನುಗ್ಗಿ ಅದನ್ನು ಕೆಡಿಸುತ್ತಾನೆ, ಜಾನಿ ಹಣದೊಡನೆ ಓಡುತ್ತಾನೆ, ನಿಕೊ ಬರಿಗೈಯಲ್ಲಿ ಹೋರಾಡಿಕೊಂಡು ಹೊರಬೀಳುತ್ತಾನೆ. ಮೂರು ಕಥೆಗಳನ್ನೂ ಆಡಿದವನಿಗೆ ಒಬ್ಬನ ಜಯವೆಂಬುದು ಮತ್ತೊಬ್ಬನ ಕಥೆಯಲ್ಲಿ ಕೇವಲ ಒಂದು ವಿಘ್ನವೆಂಬುದು ಅನುಭವದಿಂದಲೇ ತಿಳಿಯುತ್ತದೆ.

2010ರ ಏಪ್ರಿಲ್‌ನಲ್ಲಿ ಈ ಕಥೆಗಳು ಸೋನಿಯ ಯಂತ್ರಕ್ಕೂ ಕಂಪ್ಯೂಟರಿಗೂ ಬಂದುವು. ಸೋತವನು ಕೆಲಸವನ್ನು ಮೊದಲಿನಿಂದ ಮಾಡದೆ ನಡುವಿನಿಂದಲೇ ಮುಂದುವರಿಸುವ ಅನುಕೂಲ, ಮುಗಿಸಿದ ಕೆಲಸವನ್ನು ಮತ್ತೆ ಆಡಿ ಅಂಕ ಗಳಿಸುವ ಏರ್ಪಾಡು, ಇವನ್ನು ಈ ಸಂಚಿಕೆಗಳಲ್ಲಿ ಪರೀಕ್ಷಿಸಿ ನೋಡಿ ಐದನೆಯ ಆಟದಲ್ಲಿ ನೆಲೆಗೊಳಿಸಿದರು; ಒಂದೇ ನಗರಕ್ಕೆ ಮೂವರು ನಾಯಕರೆಂಬ ಕಲ್ಪನೆಯೂ ಅಲ್ಲಿ ಒಂದೇ ಕಥೆಯೊಳಗೆ ಹೆಣೆದುಕೊಂಡಿತು.

2013ರ ಸೆಪ್ಟೆಂಬರ್ 17ರಂದು ಬಂದ ಆ ಐದನೆಯ ಆಟವು ಮೂರು ದಿನಗಳಲ್ಲಿ 100 ಕೋಟಿ ಡಾಲರ್ ಮಾರಾಟವನ್ನು ಕಂಡಿತು. ಅದರಲ್ಲಿ ಟ್ರೆವರ್ ಎಂಬ ನಾಯಕನು ಪ್ರವೇಶಿಸುತ್ತಿದ್ದಂತೆಯೇ ಜಾನಿ ಕ್ಲೆಬಿಟ್ಜನನ್ನು ತುಳಿದು ಕೊಲ್ಲುತ್ತಾನೆ. ನಾಲ್ಕು ವರ್ಷಗಳ ಹಿಂದೆ ಒಂದು ಕಥೆಯ ನಾಯಕನಾಗಿದ್ದವನು ಬಂದ ಕೆಲವು ನಿಮಿಷಗಳಲ್ಲಿಯೇ ಮುಗಿದುಹೋಗುತ್ತಾನೆ. 2014ರಲ್ಲಿ ಮೈಕಲ್, ಫ್ರ್ಯಾಂಕ್ಲಿನ್, ಟ್ರೆವರ್ ಈ ಮೂವರ ಕಥೆಯನ್ನು ಗಣನೀಯವಾಗಿ ಬೆಳೆಸುವೆವೆಂದು ಆಟವನ್ನು ಹೊರತಂದ ರಾಕ್‌ಸ್ಟಾರ್ ಸಂಸ್ಥೆಯವರು ಹೇಳಿದ್ದರು. ಆ ವರ್ಷವೂ ಬಂದಿತು, ಮುಂದಿನ ವರ್ಷಗಳೂ ಬಂದುವು. ಕಥೆ ಮಾತ್ರ ಬರಲಿಲ್ಲ. 2013ರ ಅಕ್ಟೋಬರ್ 1ರಂದು ಆರಂಭವಾದ ಆನ್‌ಲೈನ್ ಆಟದಲ್ಲಿ ಜನರು ನಿಜವಾದ ಹಣವನ್ನು ತೆತ್ತು ಆಟದೊಳಗಿನ ಹಣವನ್ನು ಕೊಳ್ಳುತ್ತಿದ್ದರು; ಒಮ್ಮೆ ಮಾರಿ ಮುಗಿಯುವ ಕಥೆಗಿಂತ ಎಂದೂ ಮುಗಿಯದ ಈ ಸಂತೆಯೇ ಲಾಭಕರವಾಗಿ ತೋರಿದ್ದರೆ ಆಶ್ಚರ್ಯವಿಲ್ಲ. ಮೂಲ ಆಟವು ತಾನೇ ಸಂಪೂರ್ಣವಾಗಿತ್ತು, ಹೊಸ ಯಂತ್ರಗಳಿಗೆ ಅದನ್ನು ಒಗ್ಗಿಸುವುದರಲ್ಲಿ ಕಾಲ ಹೋಯಿತು, ಆನ್‌ಲೈನಿನಲ್ಲಿ ಹೆಚ್ಚು ಅವಕಾಶ ಕಂಡಿತು ಎಂಬ ವಿವರಣೆಯು ಆ ಸಂಸ್ಥೆಯವರ ಬಾಯಿಂದ ಬಂದುದು 2017ರಲ್ಲಿ. 2021ರ ಡಿಸೆಂಬರ್‌ನಲ್ಲಿ 'ದಿ ಕಾಂಟ್ರಾಕ್ಟ್' ಎಂಬ ಸಂಚಿಕೆಯಲ್ಲಿ ಫ್ರ್ಯಾಂಕ್ಲಿನ್ ಮರಳಿದನಾದರೂ ಅವನು ಬಂದುದು ಮುಖ್ಯವಾಗಿ ಆಟಗಾರನಿಗೆ ಕೆಲಸ ಒಪ್ಪಿಸುವ ಪಾಲುದಾರನಾಗಿ.

ವಣಿಕರ ಪೈಪೋಟಿಯು ಹುಟ್ಟಿಸಿದ ಕಲಾರೂಪವನ್ನು ವಣಿಕರ ಲೆಕ್ಕಾಚಾರವೇ ನಿಲ್ಲಿಸಿದುದರಲ್ಲಿ ಅನ್ಯಾಯವನ್ನು ಹುಡುಕಬೇಕಾದುದಿಲ್ಲ. ಆದರೆ ಇಂಥ ಆಟಗಳಲ್ಲಿ ನಾಯಕನೊಬ್ಬನನ್ನು ಬಿಟ್ಟು ಉಳಿದವರೆಲ್ಲ ಗುಂಡಿಗೆ ಗುರಿಯಾಗಿ ಮಾತ್ರ ಇರುವರೆಂಬ ಹಳೆಯ ಆಕ್ಷೇಪಕ್ಕೆ ಆಟದ ಒಳಗಿನಿಂದಲೇ ಹೊರಟ ಗಟ್ಟಿಯಾದ ಉತ್ತರವೆಂದರೆ 2009ರ ಆ ಎರಡು ಕಥೆಗಳು. ಮುಂದೆ ಇಂಥ ವಿಸ್ತರಣಗಳು ಮತ್ತೆ ಬಂದಾವಾದರೆ, ಭೂಪಟಕ್ಕೆ ಎಷ್ಟು ಬೀದಿಗಳು ಸೇರಿದುವೆಂದು ಎಣಿಸುವುದಕ್ಕಿಂತ, ಇದ್ದ ಬೀದಿಯಲ್ಲಿಯೇ ನಾವು ಈ ಮೊದಲು ಲೆಕ್ಕಿಸದೆ ಹೋದ ಯಾರಿಗೆ ಹೆಸರು ಬಂದಿತೆಂದು ಕೇಳುವುದು ಉಚಿತವಾದ ಪರೀಕ್ಷೆ.